ಮುಚ್ಚಂಡಿಯ ಎರಡು ಖೋಲಿ

ಒದರಾಡುವ ಧಣಿಯ ಕೈಕೆಳಗೆ ದುಡಿಯಬಹುದು. ಜಿಪುಣ ಧಣಿಯ ಕೈಕೆಳಗೂ ಹೇಗೋ ದಿನ ನೂಕಬಹುದು. ಆದರೆ ಕಿವಿಯಲ್ಲಿ ಮಾತಾಡುವ ಧಣಿಯ ಕೈಗೆ ನನ್ನ ಹಗೆಯೂ ಸಿಗಬಾರದು. ಒದರುವವನ ಮಾತು ನಾಲ್ಕು ಮಂದಿಗೆ ಕೇಳಿಸುತ್ತದೆ, ನಾಳೆ ಬೇಕಾದರೆ ಸಾಕ್ಷಿ ಹೇಳಲಿಕ್ಕೆ ಯಾರಾದರೂ ಇರುತ್ತಾರೆ. ಕಿವಿಯಲ್ಲಿ ಹೇಳಿದ ಮಾತಿಗೆ ನನ್ನ ಕಿವಿಯೊಂದೇ ಸಾಕ್ಷಿ. ಇದನ್ನು ಬರೆಯುವಾಗ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸದರಲ್ಲಿ ನಾನು ಜತ್ತದ ಪೇಟೆಯಲ್ಲಿ ಗುರುಪಾದಪ್ಪ ಸಾವಕಾರರ ಕಿರಾಣಿ ಅಂಗಡಿಯ ದಿವಾಣಜಿಯಾಗಿದ್ದೆ. ಲೆಕ್ಕ ಬರೆಯುವ ಕೆಲಸ ನನ್ನದು, ತೂಗುವ ಕೆಲಸ ಮಲಕಪ್ಪನದು, ಹಳ್ಳಿಹಳ್ಳಿ ತಿರುಗಿ ಮಾಲು ತರುವ ಕೆಲಸ ವಿಠೋಬನದು. ಹೀಗೆಂದು ನಾವು ಮೂವರೂ ತಿಳಿದಿದ್ದೆವು. ಸಾವಕಾರರ ಪದ್ಧತಿಯೇ ಬೇರೆ. ಯಾವ ಕೆಲಸವಿದ್ದರೂ ಮೂವರನ್ನೂ ಒಬ್ಬೊಬ್ಬರನ್ನಾಗಿ ಕರೆದು, ಎಲೆ ಅಡಿಕೆಯ ಬಾಯನ್ನು ನಮ್ಮ ಕಿವಿಗೆ ತಂದು, "ನಿನ್ನ ಮ್ಯಾಲಷ್ಟ ನನಗ ಭರೋಸಾ. ಆ ಇಬ್ರಿಗೆ ಹೇಳಬ್ಯಾಡ" ಎನ್ನುತ್ತಿದ್ದರು. ಆಳುಗಳು ತಮ್ಮತಮ್ಮೊಳಗೆ ಮಾತಾಡಿಕೊಂಡರೆ ಅಂಗಡಿ ಮುಳುಗುತ್ತದೆ ಎಂಬುದು ಅವರ ಸಿದ್ಧಾಂತ. ಒಂದು ಸಂಕ್ರಾಂತಿಗೆ ನಾವು ಮೂವರೂ ಒಬ್ಬರಿಗೊಬ್ಬರು ತಿಳಿಸದೆ ಗುಟ್ಟಾಗಿ ಎಳ್ಳು ತರಿಸಿದೆವು. ಇಡೀ ತಾಲೂಕು ಯುಗಾದಿಯವರೆಗೆ ತಿಂದರೂ ಮುಗಿಯದಷ್ಟು ಎಳ್ಳು! ಅದರಿಂದ ಬುದ್ಧಿ ಕಲಿತು ಮುಂದಿನ ಸಲ ಉಪ್ಪು ತರಿಸಲು ಹೇಳಿದಾಗ, ಹೇಗೂ ಉಳಿದಿಬ್ಬರಿಗೆ ಹೇಳಿರುತ್ತಾರೆಂದು ಮೂವರೂ ಸುಮ್ಮನೆ ಕೂತೆವು. ಕಿರಾಣಿ ಅಂಗಡಿಯಲ್ಲಿ ಉಪ್ಪಿಲ್ಲವೆಂದು ಪೇಟೆಯೆಲ್ಲ ನಕ್ಕಿತು. ಬೈಸಿಕೊಂಡವರು ಮಾತ್ರ ನಾವು. "ಮೂರು ಮಂದಿ ಅದೀರಿ, ಮೂರು ಕಾಸಿನ ಕೆಲಸಿಲ್ಲ" ಎಂಬ ಈ ಮಾತನ್ನಷ್ಟೇ ಅವರು ಗಟ್ಟಿಯಾಗಿ ಹೇಳುತ್ತಿದ್ದರು.

ಎಳ್ಳು, ಉಪ್ಪು ಹಾಳಾಗಿ ಹೋಗಲಿ. ನನ್ನ ಸಂಸಾರಕ್ಕೇ ಕೈ ಹಾಕಿದರಲ್ಲ, ಅದನ್ನು ಹೇಗೆ ಸಹಿಸಲಿ? ಮದುವೆಯಾಗಿ ಮೂರು ವರ್ಷವಾದರೂ ನನ್ನ ಹೆಂಡತಿ ಗಂಗವ್ವ ಸೊರಡಿಯಲ್ಲಿ ತವರಲ್ಲೇ ಇದ್ದಳು. ಜತ್ತದಲ್ಲಿ ನನಗಿದ್ದ ಬಾಡಿಗೆ ಖೋಲಿಯಲ್ಲಿ ನಾನು ಕಾಲು ಚಾಚಿದರೆ ಬಾಗಿಲು ಮುಚ್ಚುತ್ತಿರಲಿಲ್ಲ. ನಾನು ಸೊರಡಿಗೆ ಹೋದಾಗಲೆಲ್ಲ ಅತ್ತೆ ಚಹಾ ಕೊಟ್ಟು, "ಮನಿ ಸಿಕ್ತೇನ್ರಿ?" ಎಂದು ಕೇಳುತ್ತಿದ್ದರು. ನಾನು ಚಹಾ ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟುತ್ತಿದ್ದೆ.

ಅಂಥದರಲ್ಲಿ ಒಂದು ದಿನ ಸಾವಕಾರರು ನನ್ನ ಕಿವಿಯನ್ನು ಹತ್ತಿರಕ್ಕೆ ಕರೆದರು. "ಮುಚ್ಚಂಡಿಯೊಳಗ ಹೊಸಾ ಅಂಗಡಿ ಹಾಕಾಕತ್ತೀನಿ. ಅದು ನಿನಗ. ಹಿಂದ ಎರಡು ಖೋಲಿ ಅದಾವ. ಸೋಮವಾರ ಹೆಣ್ತೀನ್ನ ಕರ್ಕೊಂಡು ಬಂದುಬಿಡು. ಯಾರ ಮುಂದೂ ಬಾಯಿ ಬಿಡಬ್ಯಾಡ, ಆ ಇಬ್ರು ಹೊಟ್ಟಿ ಉರ್ಕೊಂತಾರ." ನಾನು ಬಾಯಿ ಬಿಡಲಿಲ್ಲ. ಮಲಕಪ್ಪ, ವಿಠೋಬರನ್ನು ನೋಡಿದಾಗ ಮಾತ್ರ ಒಳಗೊಳಗೇ ನಗು ಬರುತ್ತಿತ್ತು. ಅವರೂ ಆ ವಾರವೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ಒಳ್ಳೆಯ ಮನಸ್ಸಿನವರು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಬಂಡಿಯಲ್ಲಿ ಹಾಸಿಗೆ, ಬೀಸುವ ಕಲ್ಲು, ಗಂಗವ್ವ ಎಲ್ಲವನ್ನೂ ಹೇರಿಕೊಂಡು ಮುಚ್ಚಂಡಿಗೆ ಹೋದೆ. ಬಾಗಿಲಲ್ಲಿ ಎರಡು ಬಂಡಿಗಳು ನಿಂತಿದ್ದವು. ಒಂದರಿಂದ ಮಲಕಪ್ಪ ತೊಟ್ಟಿಲು ಇಳಿಸುತ್ತಿದ್ದ. ಇನ್ನೊಂದರಿಂದ ವಿಠೋಬ ತನ್ನ ಮುದಿ ತಾಯಿಯನ್ನು ಇಳಿಸುತ್ತಿದ್ದ. ಗಂಡಸರು ನಾವು ಬಾಯಿ ತೆರೆದುಕೊಂಡು ನಿಂತೆವು. ಹೆಂಗಸರು ನಿಲ್ಲಲಿಲ್ಲ. ಯಾರ ಹಾಲು ಮೊದಲು ಉಕ್ಕುತ್ತದೋ ಅವರದೇ ಮನೆ ಎಂದು ಅವರಿಗೆ ಯಾರು ಹೇಳಿದರೋ, ಅಂಗಳದಲ್ಲಿ ಕಲ್ಲು ಹೂಡಿ ಮೂರು ಒಲೆ ಹೊತ್ತಿಸಿಯೇಬಿಟ್ಟರು. ಮಲಕಪ್ಪನ ಹೆಂಡತಿಯ ಹಾಲು ಮೇಲೇರತೊಡಗಿದಾಗ ಗಂಗವ್ವ, "ನೀರು ಬೆರಿಸ್ಯಾಳವ್ವ ಆಕಿ! ಅದೇನು ಹಾಲು ಉಕ್ಕಿದಂಗಾತೇನು?" ಎಂದು ಕೂಗಿದಳು. ವಿಠೋಬನ ತಾಯಿ ತನ್ನ ಒಲೆಗೆ ಇನ್ನೆರಡು ಕುಳ್ಳು ಒಟ್ಟಿದಳು.

ಅಷ್ಟರಲ್ಲಿ ಸಾವಕಾರರು ಬಂದರು. ಜೊತೆಗೆ ಅವರ ಹೆಂಡತಿಯ ತಮ್ಮ, ಕೈಯಲ್ಲಿ ಟ್ರಂಕು. ಮೂರು ಬಂಡಿ, ಮೂರು ಒಲೆ ನೋಡಿ ಸಾವಕಾರರ ಹುಬ್ಬಾದರೂ ಅಲುಗಬೇಕಲ್ಲ! "ಚಲೋ ಆತು, ಎಲ್ಲಾರೂ ಬಂದೀರಿ. ಪೂಜಿಗೆ ಹಾಲು ಬೇಕಾಗಿತ್ತು" ಎಂದು ಮೂರು ಪಾತ್ರೆಯ ಹಾಲನ್ನೂ ಒಳಗೆ ತರಿಸಿಕೊಂಡರು. ಟ್ರಂಕಿನ ಹುಡುಗನನ್ನು ಗಾದಿಯ ಮೇಲೆ ಕೂಡಿಸಿ, "ಇಂದಿನಿಂದ ಈ ಅಂಗಡಿ ಇಂವ ನೋಡ್ಕೊಂತಾನ" ಎಂದರು. ಅವನಿಗೆ ಮದುವೆಯೂ ಆಗಿರಲಿಲ್ಲ. ಎರಡು ಖೋಲಿಯಲ್ಲಿ ಅವನೇನು ಚೌಕಾಬಾರಾ ಆಡುತ್ತಾನೆಯೇ?

ನಾವು ಮೂವರು ಆವತ್ತು ಮೊದಲ ಸಲ ಒಬ್ಬರಿಗೊಬ್ಬರು ನಿಜ ಮಾತಾಡಿದೆವು. "ನಿನಗೂ ಹೇಳಿದ್ರೇನು?" "ಹೂನೋ, ನಿನಗೂ?" "ಇವತ್ತು ಬಿಡಬಾರದು, ಮೂವರೂ ಕೂಡಿ ಕೇಳೂಣು" ಎಂದ ಮಲಕಪ್ಪ. ಒಟ್ಟಿಗೇ ಹೋಗಿ ಎದುರಿಗೆ ನಿಂತೆವು. ಸಾವಕಾರರು ಶಾಂತವಾಗಿ, "ಕೇಳ್ರಿ, ಬ್ಯಾಡ ಅಂದವ್ರು ಯಾರು? ಆದ್ರ ಒಬ್ಬೊಬ್ರ ಬರ್ರಿ" ಎಂದು ಬೇವಿನ ಗಿಡದ ಹಿಂದೆ ನಡೆದರು. ಮಲಕಪ್ಪ ಗೂಳಿಯಂತೆ ನುಗ್ಗಿ ಹೋದ, ಹಸುವಿನಂತೆ ತಿರುಗಿ ಬಂದ. ವಿಠೋಬ ತೋಳೇರಿಸಿ ಹೋದವನು ರುಮಾಲು ಸರಿಮಾಡಿಕೊಳ್ಳುತ್ತ ಬಂದ. ಹೇಡಿಗಳು! ಉಗಿಯಬೇಕೆನಿಸಿತು. ನಾನು ಹೋದೆ. ಬಾಯಿ ತೆರೆಯುವುದರೊಳಗೆ ಎಲೆ ಅಡಿಕೆಯ ಬಿಸಿ ಉಸಿರು ಕಿವಿಗೆ ತಾಗಿತು. "ಈ ಹುಡುಗ ಏನು, ನಾಕು ದಿನ ಇರ್ತಾನ. ದೀಪಾವಳಿಗೆ ತಿಕೋಂಡಿಯೊಳಗ ಇದಕ್ಕೂ ದೊಡ್ಡ ಅಂಗಡಿ ಹಾಕ್ತೀನಿ. ಮೂರು ಖೋಲಿ. ನಿನ್ನ ಬಿಟ್ಟರ ಅದನ್ನ ನಡಸವ್ರು ಯಾರದಾರಪ್ಪ?"

ತಿರುಗಿ ಬಂದು ಬೀಸುವ ಕಲ್ಲನ್ನು ಬಂಡಿಗೇರಿಸಿದೆ. "ಜಗಳಾಡಿದ್ರೋ ಇಲ್ಲೋ?" ಎಂದು ಗಂಗವ್ವ ಕೇಳಿದಳು. "ಹೆಂಗಸರಿಗೆ ಇದೆಲ್ಲ ತಿಳಿಯಂಗಿಲ್ಲ, ಬಂಡಿ ಹತ್ತು" ಎಂದೆ. ಆಚೆ ಮಲಕಪ್ಪ ತೊಟ್ಟಿಲು ಕಟ್ಟುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದ. ವಿಠೋಬ ತಾಯಿಯ ಕಿವಿಯಲ್ಲಿ ಏನೋ ಹೇಳಿ ನಗಿಸುತ್ತಿದ್ದ. ಇಬ್ಬರ ಮುಖವನ್ನೂ ನೋಡಿ ನನಗೆ ಎಲ್ಲ ತಿಳಿಯಿತು. ಸಾವಕಾರರ ಮೇಲೆ ಮತ್ತೆ ಸಿಟ್ಟು ಉಕ್ಕಿ ಬಂತು. ಮಕ್ಕಳೊಂದಿಗರು, ಮುದಿ ತಾಯಿಯಿದ್ದವರು. ತಿಕೋಂಡಿ ಅಂಗಡಿಯನ್ನು ನನಗೆ ಕೊಟ್ಟ ಮೇಲೆ, ಪಾಪ, ಅವರಿಗೂ ಆಸೆ ಹಚ್ಚಿ ಸುಳ್ಳು ಹೇಳುವುದೇ?