ಲೇತಿನಲ್ಲಿ ಹೋದ ನಾಲ್ಕು ಕಿಲೊ

ಕೊಟ್ಟೂರಿನ ಖಾಜಾಸಾಬರ ಗ್ಯಾರೇಜಿನ ಬೇವಿನ ಮರದ ಕೆಳಗೆ ಅವತ್ತು ನಾವು ಮೂರು ಜನ ಇದ್ದೆವು: ಮೆಕ್ಯಾನಿಕ್ ಖಾಜಾಸಾಬರು, ನನ್ನ ಹೆಂಡತಿಯ ತಮ್ಮ ವಿರೂಪಾಕ್ಷಿ, ಮತ್ತು ನಾನು. ನಾಲ್ಕನೆಯದಾಗಿ, ಹೊಟ್ಟೆ ಬಿಚ್ಚಿಕೊಂಡು ಕಲ್ಲುಗಳ ಮೇಲೆ ನಿಂತಿದ್ದ ನನ್ನ ಡೀಸೆಲ್ ಜೀಪು. ಇರಲೇಬೇಕಾಗಿದ್ದ ಇನ್ನೊಬ್ಬರು ನನ್ನ ಸೋದರಮಾವ ಕೊಟ್ರೇಶಪ್ಪನವರು. ಅವರು ಮೊಮ್ಮಗಳನ್ನು ನೋಡಲು ಹಂಪಸಾಗರಕ್ಕೆ ಹೋಗಿದ್ದರು. ಅವರು ಊರಲ್ಲಿಲ್ಲದ ವಾರವನ್ನು ಹುಡುಕಿಯೇ ನಾನು ಕ್ಲಚ್ ಪ್ಲೇಟ್ ಬದಲಿಸಲು ಕೊಟ್ಟಿದ್ದೆ ಎಂಬುದನ್ನು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ. ಮನುಷ್ಯ ಒಳ್ಳೆಯ ಕೆಲಸಕ್ಕೆ ಹಿರಿಯರ ಎದುರಿನ ಮುಹೂರ್ತ ನೋಡುತ್ತಾನೆ, ಇಂಥದ್ದಕ್ಕೆ ಅವರು ಊರಲ್ಲಿಲ್ಲದ ಮುಹೂರ್ತ ನೋಡುತ್ತಾನೆ.

ಮಾವನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ನನಗೆ ಮಾತು ಕಲಿಸಿದವರೂ ಅವರೇ, ಗಾಡಿ ಕಲಿಸಿದವರೂ ಅವರೇ. ಮಾತು ಸ್ವಲ್ಪ ಜಾಸ್ತಿ ಹತ್ತಿತು, ಗಾಡಿ ಕಡಿಮೆ. ಜೀಪು ನನ್ನ ಹೆಸರಿನಲ್ಲಿದ್ದರೂ ಮದುವೆಯ ಮೆರವಣಿಗೆಗೆ ಅದನ್ನು ನಡೆಸುತ್ತಿದ್ದವರು ಅವರು. ನಡೆಸುವುದು ಎಂಬ ಮಾತನ್ನು ಸುಮ್ಮನೆ ಬಳಸಿಲ್ಲ. ಹುಡ್ ತೆಗೆದು, ಹಡಗಲಿ ಮಲ್ಲಿಗೆಯ ಸರ ಇಳಿಬಿಟ್ಟು, ಮದುಮಗನನ್ನು ಎತ್ತರಕ್ಕೆ ಕೂರಿಸಿದರೆ, ಜೀಪು ಜನರ ಜೊತೆ ಜನರಂತೆಯೇ ನಡೆಯುತ್ತಿತ್ತು. ಬ್ಯಾಂಡಿನವರು ಎರಡು ಹೆಜ್ಜೆ ಇಟ್ಟರೆ ಅದೂ ಎರಡು ಹೆಜ್ಜೆ. ಅವರು ನಿಂತು ಊದಿದರೆ ಅದೂ ನಿಂತು ಕೇಳುತ್ತಿತ್ತು. ಆಕ್ಸಿಲರೇಟರ್ ಮುಟ್ಟದೆ, ಬರೀ ಎಡಗಾಲಿನ ತುದಿಯಲ್ಲಿ ಕ್ಲಚ್ ಆಡಿಸುತ್ತ ಮಾವ ಅದನ್ನು ಮಗುವನ್ನು ತೊಟ್ಟಿಲಲ್ಲಿಟ್ಟು ತೂಗಿದಂತೆ ಒಯ್ಯುತ್ತಿದ್ದರು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಹೊಸ ಗಾಡಿ ಇದ್ದವರೂ ನಮ್ಮ ಹಳೆಯ ಜೀಪನ್ನೇ ಕೇಳಿಕೊಂಡು ಬರುತ್ತಿದ್ದರು. "ಕೊಟ್ರೇಶಪ್ಪಾರು ಬರ್ತಾರಲ್ಲ?" ಎಂದು ಖಾತ್ರಿ ಮಾಡಿಕೊಂಡೇ ಅಡಿಕೆಲೆ ಹಾಕಿಕೊಳ್ಳುತ್ತಿದ್ದರು. ನಿವೃತ್ತಿಯ ನಂತರ ಮಾವನಿಗೆ ಉಳಿದಿದ್ದ ಒಂದೇ ದೊಡ್ಡಸ್ತಿಕೆ ಅದು.

ನನ್ನ ದುಃಖ ಬೇರೆಯದಿತ್ತು. ಬೀಜ ಗೊಬ್ಬರದ ಅಂಗಡಿಯ ಕೆಲಸಕ್ಕಾಗಿ ವಾರಕ್ಕೊಮ್ಮೆ ಹಡಗಲಿಗೆ ಹೋಗಬೇಕಿತ್ತು. ಆ ದಾರಿಯಲ್ಲಿ ಹೂವಿನ ಟೆಂಪೊಗಳು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಲಾರಿ ಹಿಂದೆ ಹಾಕಿದರೆ ಮುಖಕ್ಕೆ ಹೊಗೆಯಾದರೂ ಬಡಿಯುತ್ತದೆ, ಬೈದುಕೊಳ್ಳಬಹುದು. ಇವು ಘಮ್ಮನೆ ಮಲ್ಲಿಗೆಯ ವಾಸನೆ ಬಿಟ್ಟು ಹೋಗುತ್ತಿದ್ದವು. ಸುವಾಸನೆಯನ್ನು ಬೈಯುವುದು ಹೇಗೆ? ಒಮ್ಮೆ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ, "ಪುಣ್ಯ ನೋಡ್ರಿ, ಹೂವು ಕೊಳ್ಳದೆ ಹೂವಿನ ವಾಸ್ನಿ ಸಿಗ್ತೈತಿ" ಎಂದಳು. ಅದು ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು.

ಆ ಮುಳ್ಳನ್ನು ಗುರುತು ಹಿಡಿದವನು ವಿರೂಪಾಕ್ಷಿ. ಕ್ಲಚ್ ಬಿಚ್ಚಿದಾಗ ಗಾಡಿಗೆ ವೇಗ ಬರಿಸುವ ಉಪಾಯವೊಂದಿದೆ ಎಂದು ಮೊದಲೇ ನನ್ನ ಕಿವಿಯಲ್ಲಿ ಹಾಕಿದ್ದ. ಹುಬ್ಬಳ್ಳಿಯಲ್ಲಿ ಐಟಿಐ ಓದಿ ಬಂದಿದ್ದ ಅವನಿಗೆ ಗೊತ್ತಿಲ್ಲದ ವಿಷಯವೆಂಬುದು ಇರಲಿಲ್ಲ. ಎಂಜಿನ್ನಿನ ಹಿಂದೆ, ಕ್ಲಚ್ಚಿಗೆ ಮುಖಮಾಡಿ, ಬೀಸುಕಲ್ಲಿನಂಥ ಒಂದು ಕಬ್ಬಿಣದ ಗಾಲಿ ಇರುತ್ತದೆ. ಅದೇ ಫ್ಲೈವ್ಹೀಲು. ಬೀಸುಕಲ್ಲು ಒಮ್ಮೆ ತಿರುಗಿಕೊಂಡರೆ ಕೈ ಬಿಟ್ಟರೂ ಒಂದೆರಡು ಸುತ್ತು ತಾನೇ ಹೋಗುತ್ತದಲ್ಲ, ಇದರ ಕೆಲಸವೂ ಅಷ್ಟೇ. ಖಾಜಾಸಾಬರು ಅದನ್ನು ಬಿಚ್ಚಿ, ಮುಖದ ಮೇಲೆ ಬಿದ್ದಿದ್ದ ಗೀರುಗಳನ್ನು ಕಬ್ಬಿಣ ತುರಿಯುವ ಲೇತಿನಲ್ಲಿ ನುಣುಪು ಮಾಡಿಸಬೇಕೆಂದು ತೆಗೆದಿಟ್ಟಿದ್ದರು. ವಿರೂಪಾಕ್ಷಿ ಅದನ್ನು ಎತ್ತಿ ನೋಡಿ ಇಳಿಸಿದ.

"ಭಾವ, ಹೆಂಗೂ ಲೇತಿಗೆ ಹೊಂಟೈತಿ. ಹಿಂದ್ಲ ಮಗ್ಗಲಿಂದ ಒಂದು ನಾಕು ಕಿಲೊ ತುರಿಸಿಬಿಡ್ರಿ. ಗಾಲಿ ಹಗುರಾತು ಅಂದ್ರ ಎಂಜಿನ್ ಕುದ್ರಿ ಆದಂಗ ಆಕೈತಿ."

ಖಾಜಾಸಾಬರು ಕೈ ಒರೆಸಿಕೊಳ್ಳುತ್ತ ಹೇಳಿದರು, "ಕುದ್ರಿ ಆಕೈತಿ, ಖರೆ. ಆದ್ರ ಕುದ್ರಿ ನಿಂದ್ರಂಗಿಲ್ಲಲ್ರಿ ಒಂದು ಕಡಿ. ನಿಧಾನ ಹೋಗು ಅಂದ್ರ ಜಗ್ಗಿ ಜಗ್ಗಿ ಬಂದ್ ಆಗಿಬಿಡ್ತೈತಿ."

"ರೇಸಿನ ಗಾಡಿಗೆಲ್ಲ ಹಿಂಗ ಮಾಡ್ತಾರ," ಎಂದ ವಿರೂಪಾಕ್ಷಿ.

"ಮದುಮಗನ್ನ ಕುಂದ್ರಿಸ್ಕೊಂಡು ಯಾವ ರೇಸಿಗೆ ಹೊಕ್ಕೀರಿ?" ಎಂದರು ಖಾಜಾಸಾಬರು. ಆಮೇಲೆ ನನ್ನ ಕಡೆ ತಿರುಗಿ, "ಕೊಟ್ರೇಶಪ್ಪಾರು ಬರ್ಲಿ, ಒಂದು ಮಾತು ಕೇಳ್ರಿ ಸಾಹುಕಾರ್ರ. ಗಾಡಿ ನಿಮ್ದು, ಆದ್ರ ಕಾಲು ಅವರ್ದು. ತೆಗಿಯಾಕ ಲೇತ್ ಐತಿ, ತೆಗದಿದ್ದು ಹಚ್ಚಾಕ ಲೇತ್ ಇಲ್ಲ."

ನಾನು ಬಹಳ ಹೊತ್ತು ವಿಚಾರ ಮಾಡಿದೆ ಎಂದು ಬರೆಯಲು ಆಸೆಯಿದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ವಿಚಾರ ಮಾಡಿದೆ, ಅದರಲ್ಲಿ ಅರ್ಧ ಹೊತ್ತು ಚಹಾ ಆರಿಸುವುದರಲ್ಲೇ ಹೋಯಿತು. "ಅವರಿಗೆ ಗೊತ್ತಾಗೋದು ಬ್ಯಾಡ, ತುರಿಸಿಬಿಡ್ರಿ" ಎಂದೆ. ಖಾಜಾಸಾಬರು ಹೇಳಿದ ಕೆಲಸವನ್ನು ಚೊಕ್ಕವಾಗಿ ಮಾಡಿಕೊಟ್ಟರು.

ಮಾವ ಊರಿಗೆ ಬಂದ ಮೂರನೆಯ ದಿನ ಹರಪನಹಳ್ಳಿಯಲ್ಲಿ ಮದುವೆ. ಅಲ್ಲಿಯವರೆಗೆ ಗಾಡಿ ಓಡಿಸಿಕೊಂಡು ಹೋದವನು ನಾನು. ಓಟ ಚೆನ್ನಾಗಿಯೇ ಇತ್ತು. ಸಂಜೆ ಮೆರವಣಿಗೆಗೆ ಮಾವ ಪೇಟ ಸುತ್ತಿಕೊಂಡು ಕೂತರು. ಬ್ಯಾಂಡು ಶುರುವಾಯಿತು, ಮಾವ ಎಂದಿನಂತೆ ಪಾದ ಎತ್ತಿದರು, ಜೀಪು ಗಕ್ಕನೆ ಜಿಗಿದು ಬಂದ್ ಆಯಿತು. ಮತ್ತೆ ಚಾಲೂ ಮಾಡಿದರು, ಮತ್ತೆ ಜಿಗಿದು ನಿಂತಿತು. ಪ್ರತಿಸಲವೂ ಮದುಮಗ ಮುಂದಕ್ಕೆ ಬಾಗುತ್ತಿದ್ದ. ಬೀದಿಯ ಎರಡೂ ಕಡೆಯ ಹಿರಿಯರು, ಹುಡುಗ ಬಹಳ ಸಂಸ್ಕಾರವಂತ, ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದಾನೆ ಎಂದುಕೊಂಡು ಆಶೀರ್ವಾದ ಮಾಡುತ್ತಿದ್ದರು. ಐದನೆಯ ನಮಸ್ಕಾರಕ್ಕೆ ಅವನ ಬಾಸಿಂಗ ಬಾನೆಟ್ಟಿನ ಮೇಲೆ ಬಿತ್ತು.

"ಅಜ್ಜಾರಿಗೆ ವಯಸ್ಸಾತು, ಕೆಳಗ ಇಳಸ್ರಪ್ಪ," ಎಂದರು ಗುಂಪಿನಲ್ಲಿ ಯಾರೋ.

ನಕ್ಕರು ಕೆಲವರು. ನಾನು ಜೀಪಿನ ಪಕ್ಕದಲ್ಲೇ, ಮಾವನ ಮೊಣಕೈ ನನಗೆ ತಾಗುವಷ್ಟು ಹತ್ತಿರದಲ್ಲಿ ನಡೆಯುತ್ತಿದ್ದೆ. ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಹೇಳಿದರೆ ನನ್ನ ಮಾನ ಹೋಗುತ್ತಿತ್ತು, ಹೇಳದಿದ್ದರೆ ಅವರದು. ನಾನು ಎರಡನೆಯದನ್ನು ಆರಿಸಿಕೊಂಡೆ. ಕೊನೆಗೆ ಹುಡುಗರು ಹಿಂದಿನಿಂದ ಜೀಪನ್ನು ನೂಕಿಕೊಂಡೇ ಮಂಟಪ ಮುಟ್ಟಿಸಿದರು. ಮಾವ ಇಳಿದು ಬೀಗದಕೈ ನನ್ನ ಕೈಗಿಟ್ಟರು.

"ಕ್ಲಚ್ಚು ಕಾಲಿಗೆ ತಿಳಿವಲ್ದಪ್ಪ. ನನ್ನ ಕಾಲು ಹೋದ್ವು ಕಾಣಸ್ತೈತಿ."

ಮರುದಿನ ಮುಂಜಾನೆ ವಾಪಸು ಬರುವಾಗ ದಾರಿಯಲ್ಲಿ ಒಂದು ಹೂವಿನ ಟೆಂಪೊ ಸಿಕ್ಕಿತು. ಅದನ್ನು ಹಿಂದೆ ಹಾಕಿದೆ, ಜೀವನದಲ್ಲಿ ಮೊದಲ ಸಲ. ಪಕ್ಕದಲ್ಲಿ ಮಾವ ಎಡಗಾಲಿನ ಮೀನಖಂಡ ತಿಕ್ಕಿಕೊಳ್ಳುತ್ತ ಕೂತಿದ್ದರು.

ಆಮೇಲೆ ನಾಲ್ಕು ತಿಂಗಳು ಅವರು ಹರಳೆಣ್ಣೆ ಹಚ್ಚಿ ಕಾಲನ್ನು ಬಿಸಿಲಿಗೆ ಚಾಚಿ ಕೂತರು. ವಾತವೆಂದು ಬದನೆಕಾಯಿ ಬಿಟ್ಟರು. ಯಾರೋ ಹೇಳಿದರೆಂದು ಇಟ್ಟಿಗಿ ಎಂಬ ಊರಿಗೆ ಹೋಗಿ ನರಕ್ಕೆ ಔಷಧ ತಂದರು. ನಾನು ಪ್ರತಿ ಸೋಮವಾರ ನಿಜ ಹೇಳಲು ಹೋಗಿ ಮಂಡಕ್ಕಿ ತಿಂದು ಬಂದೆ. ಕೊನೆಗೆ ತಡೆಯದೆ ಹೊಸಪೇಟೆಯ ಗುಜರಿಯಲ್ಲಿ ಭಾರದ ಹಳೆಯ ಫ್ಲೈವ್ಹೀಲ್ ಒಂದನ್ನು ಹುಡುಕಿದೆ. ತುರಿಸಿದ್ದನ್ನು ಆ ಗುಜರಿಯವನಿಗೇ ಕೊಟ್ಟು ಇದನ್ನು ತಂದೆ. ಖಾಜಾಸಾಬರು ಅದನ್ನು ಕೂರಿಸಿಕೊಟ್ಟರು. ಅದೇ ದಿನ ಮಾವನ ಮನೆಗೆ ಹೋಗಿ, ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿದೆ. "ನಿಮ್ಮ ಕಾಲು ಚಲೋ ಅದಾವು ಮಾವ, ಗಾಡಿ ಕೆಡಿಸಿದಾಂವ ನಾನು" ಎಂದೆ.

ಮಾವ ಪೂರ್ತಿ ಕೇಳಿದರು. "ಎಲ್ಲೈತಿ ಆ ತುರಿಸಿದ ಗಾಲಿ?"

"ಗುಜರಿಗೆ ಕೊಟ್ಟೆ."

ಅವರ ಮುಖದಲ್ಲಿ ನಗು ಹಬ್ಬಿತು. "ಸಣ್ಣಾವಿದ್ದಾಗಿಂದ ನಿನ್ನ ಕತಿ ಕೇಳಾಕತ್ತೀನಲೇ ನಾನು. ಮೂವತ್ತು ವರ್ಸ ಬಸ್ಸು ಹೊಡದಾಂವಗ ತನ್ನ ಕಾಲು ಹೋಗಿದ್ದು ಗೊತ್ತಾಗಂಗಿಲ್ಲೇನು? ಮುದುಕ ನೊಂದ್ಕೊಂಡಾನ ಅಂತ ಇಷ್ಟು ಉದ್ದ ಕತಿ ಕಟ್ಕೊಂಡು ಬಂದೀಯಲ್ಲ, ಅಷ್ಟ ಸಾಕು." ಒಳಗೆ ತಿರುಗಿ ಅತ್ತೆಯನ್ನು ಕೂಗಿದರು, "ಇವಗ ಮಜ್ಜಿಗಿ ಕೊಡಬೇ. ಬಾಳ ಒಳ್ಳ್ಯಾವ ಅದಾನ."

ಮುಂದಿನ ಮದುವೆ ಹಗರಿಬೊಮ್ಮನಹಳ್ಳಿಯಲ್ಲಿ. ಎಷ್ಟು ಬೇಡಿಕೊಂಡರೂ ಮಾವ ಸ್ಟೀರಿಂಗ್ ಹಿಡಿಯಲಿಲ್ಲ. ಪಕ್ಕದಲ್ಲಿ ಕೂತರು, ನಾನು ಓಡಿಸಿದೆ. ಬಸ್‌ಸ್ಟ್ಯಾಂಡಿನಿಂದ ಮಂಟಪದವರೆಗೆ, ಭಾರದ ಗಾಲಿಯ ಪುಣ್ಯದಿಂದ, ಜೀಪು ಒಮ್ಮೆಯೂ ಜಗ್ಗಲಿಲ್ಲ, ಬಂದ್ ಆಗಲಿಲ್ಲ. ಮಾವ ದಾರಿಯುದ್ದಕ್ಕೂ ನನ್ನ ಎಡಗಾಲನ್ನೇ ನೋಡುತ್ತಿದ್ದರು. ಇಳಿದ ಮೇಲೆ ಹುಡುಗನ ತಂದೆಯನ್ನು ಕರೆದು, "ಇನ್ಮ್ಯಾಲೆ ಇವಗ ಹೇಳ್ರಿ. ನನಗಿಂತ ಚಲೋ ಕಾಲು ಐತಿ ಇವಂದು" ಎಂದರು. ಹುಡುಗನ ತಂದೆ ಒಳಗಿನಿಂದ ಒಂದು ಶಾಲು ತರಿಸಿ ಎಲ್ಲರೆದುರು ನನಗೆ ಹೊದಿಸಿದರು. ನಾನು ಹೊದ್ದುಕೊಂಡೆ.