ಮೂರು ಸಾವಿರದ ನಾನೂರ ಐವತ್ತೇಳು

ಕೆಲವರಿಗೆ ದೆವ್ವ ಬಡಿಯುತ್ತದೆ, ಕೆಲವರಿಗೆ ರಾಜಕೀಯ. ನನಗೆ ಬಡಿದದ್ದು ಅವಿಭಾಜ್ಯ ಸಂಖ್ಯೆ. ಒಂದರಿಂದ ಮತ್ತು ತಮ್ಮಿಂದಲೇ ಹೊರತು ಬೇರಾವುದರಿಂದಲೂ ಭಾಗವಾಗದ ಆ ಮಾನಧನರನ್ನು ಕಂಡರೆ ನನಗೆ ಊಟ ಸೇರುವುದಿಲ್ಲ. ಚಿಂಚೋಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಇಷ್ಟಾದರೂ ಮರ್ಯಾದಸ್ಥ ರೋಗ ಬೇಡವೇ? ನನ್ನ ಹೆಂಡತಿ ಶಾಂತಾಳ ರೋಗವೇ ಬೇರೆ. ಸಂತೆಯಲ್ಲಿ ಹತ್ತು ಬದನೆಕಾಯಿ ಕೊಂಡರೆ, 'ಮ್ಯಾಲ ಒಂದು ಹಾಕ್ರಿ' ಎಂದು ಜಗಳಾಡಿ ಹನ್ನೊಂದನೆಯದನ್ನು ಕಸಿದುಕೊಂಡೇ ಬರುತ್ತಾಳೆ. "ಹನ್ನೊಂದು ಭಾಗ ಹೋಗಂಗಿಲ್ಲಲೇ" ಎಂದು ತಿಳಿಹೇಳಿದರೆ, "ಪಲ್ಯಾ ಮಾಡಿದ್ರ ಎಲ್ಲಾ ಹೋಗ್ತದ, ಸುಮ್ಮ ಕುಂದ್ರಿ" ಎನ್ನುತ್ತಾಳೆ. ಇಂಥ ಮನೆಯಲ್ಲಿ ಗಣಿತ ಬೆಳೆಯುವುದು ಹೇಗೆ?

ಆ ವರ್ಷ ಶಾಲೆಯ ಅಂಗಳಕ್ಕೆ ಹಾಸಲು ಶಹಾಬಾದಿನಿಂದ ಲಾರಿಗಳಲ್ಲಿ ಒಂದೊಂದು ಚದರಡಿಯ ಕಲ್ಲುಗಳು ಬಂದವು. ಹದಿನೈದು ದಿನಕ್ಕೆ ಇನ್‌ಸ್ಪೆಕ್ಟರರ ಭೇಟಿ. ಅಷ್ಟರೊಳಗೆ ಹಾಸಿ ಮುಗಿಯದಿದ್ದರೆ ಶಾಲೆಯ ಮಾನ ಹೋದಂತೆ. ಎಣಿಸುವ ಕೆಲಸವನ್ನು ಹೆಡ್‌ಮಾಸ್ತರರು ನನಗೆ ಒಪ್ಪಿಸಿದರು. ಎಣಿಸಿದೆ: ಮೂರು ಸಾವಿರದ ನಾನೂರ ಐವತ್ತೇಳು. ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ನಾನು ಏಳರಿಂದ ಭಾಗಿಸಿದೆ, ಹದಿಮೂರರಿಂದ ಭಾಗಿಸಿದೆ, ಐವತ್ಮೂರರ ತನಕ ಬೆನ್ನಟ್ಟಿದೆ. ಯಾವುದಕ್ಕೂ ಜಗ್ಗಲಿಲ್ಲ. ಶುದ್ಧ ಅವಿಭಾಜ್ಯ! ಹಿಗ್ಗಿನಿಂದ ಹೆಡ್‌ಮಾಸ್ತರರ ಕೋಣೆಗೆ ನುಗ್ಗಿ ಹೇಳಿದೆ: ಈ ಕಲ್ಲುಗಳನ್ನು ಎಷ್ಟು ಸಾಲು ಮಾಡಿದರೂ ಆಯತವಾಗುವುದಿಲ್ಲ. ಒಂದೇ ಸಾಲಿನಲ್ಲಿ ಹಾಸಬಹುದು, ಆದರೆ ಆಗ ಶಾಲೆಯ ಅಂಗಳ ಊರು ದಾಟಿ ಐನಾಪುರದ ಹಾದಿ ಹಿಡಿಯುತ್ತದೆ. ಅವರಿಗೆ ಗಣಿತ ಬರುತ್ತಿರಲಿಲ್ಲವಾಗಿ ತಕ್ಷಣ ನಂಬಿದರು. ಕೆಲಸ ಮೂರು ದಿನ ನಿಂತಿತು.

ನಾಲ್ಕನೆಯ ದಿನ ಕಲ್ಲು ಹಾಸುವ ಗೌಂಡಿ ಖಾಸೀಂ ಸಾಬ್ ಬಂದರು. "ಯಾಕ್ರಿ ಮಾಸ್ತರ, ಕೆಲ್ಸ ಯಾಕ ನಿಂದ್ರಿಸೀರಿ?" ಹೆಡ್‌ಮಾಸ್ತರರ ಎದುರೇ ಹಲಗೆಯ ಮೇಲೆ ಅರ್ಧ ಗಂಟೆ ವಿವರಿಸಿದೆ. ನನ್ನ ಯಾವ ವಿದ್ಯಾರ್ಥಿಯೂ ತೋರದ ಶ್ರದ್ಧೆಯಿಂದ ಕೇಳಿದರು.

"ಭಾಳ ಛಲೋ ಹೇಳಿದ್ರಿ. ಖರೇ, ಅಂಗಳ ಎಷ್ಟದ ಅಂತ ನನಗೊಂದ್ ಮಾತು ಕೇಳಬೇಕಿಲ್ರಿ? ಅಡ್ಡ ನಲವತ್ತೆಂಟು ಫೂಟು, ಉದ್ದ ಎಪ್ಪತ್ತೆರಡು. ಗುಣಿಸಿ ನೋಡ್ರಿ."

ಗುಣಿಸಿದೆ. ಮೂರು ಸಾವಿರದ ನಾನೂರ ಐವತ್ತಾರು.

"ಮತ್ತ ಇನ್ನೊಂದು?" ಎಂದೆ.

"ಅದು ಕಲ್ಲಿನ ಖಣಿಯವರ ಕಡಿಂದ ಮ್ಯಾಲ ಇಸ್ಕೊಂಡದ್ರಿ. ಇಷ್ಟು ಕಲ್ಲ ತಗೊಂಡು, ಮ್ಯಾಲ ಒಂದು ಕೇಳಲಿಲ್ಲಂದ್ರ ಹ್ಯಾಂಗ್ರಿ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಐವತ್ಮೂರರ ತನಕ ಹೋದವನಿಗೆ ಒಂದನ್ನು ಕಳೆಯುವುದು ಹೊಳೆದಿರಲಿಲ್ಲ. ಹೆಡ್‌ಮಾಸ್ತರರು ಕನ್ನಡಕ ಒರೆಸುತ್ತ, "ಆ ಕಲ್ಲ ನೀವೇ ಒಯ್ರಿ ಮಾಸ್ತರ" ಎಂದರು. ಅಂಗಳವೇನೋ ಭೇಟಿಯ ದಿನ ಬೆಳಿಗ್ಗೆ ಮುಗಿಯಿತು, ಆದರೆ ಕೊನೆಯ ಸಾಲಿನ ಹಸಿ ಸಿಮೆಂಟಿನಲ್ಲಿ ಇನ್‌ಸ್ಪೆಕ್ಟರರ ಬೂಟಿನ ಗುರುತು ಇವತ್ತಿಗೂ ಇದೆ.

ಕಲ್ಲು ಹೊತ್ತುಕೊಂಡು ಮನೆಗೆ ಬಂದೆ. "ಎಲ್ಲೀದು?" ಎಂದಳು ಶಾಂತಾ. "ಮ್ಯಾಲ ಬಂದದ್ದು" ಎಂದೆ. ಹನ್ನೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ನನ್ನನ್ನು ಅಭಿಮಾನದಿಂದ ನೋಡಿದಳು.

"ಅಂತೂ ಜಗಳಾಡ್ಲಿಕ್ಕ ಕಲ್ತ್ರಿ! ಎಷ್ಟೊತ್ತು ಜಗಳಾಡಿದ್ರಿ?"

"ಮೂರು ದಿನ" ಎಂದೆ.