ಹಾಲೇಶನ ಮೀಸೆಯ ಪಣ

ಮೊಬೈಲೆಂಬ ಮಾಯಾಫಲಕವು ಇನ್ನೂ ಮಾನವನ ಅಂಗೈಗೆ ಅವತರಿಸದೆ, ಸಪ್ತಸಾಗರದಾಚೆಯ ಜಯಾಪಜಯವಾರ್ತೆಗಳು ತಂತಿ ಹಿಡಿದು, ಅಚ್ಚಿನ ಮನೆ ಹೊಕ್ಕು, ಬಸ್ಸಿನ ತಲೆಯ ಮೇಲೆ ತೂಕಡಿಸುತ್ತ ಬಂದು, ಕಡೆಗೆ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟು ಕಟ್ಟಾಗಿ ದೊಪ್ಪನೆ ಬೀಳುತ್ತಿದ್ದ ಆ ಸಾವಕಾಶಯುಗದಲ್ಲಿ, ಮಂಡಕ್ಕಿಭಟ್ಟಿಧೂಮಧೂಸರಿತವಾದ ಆ ಮಹಾನಗರದೊಳಗೆ, ಪರದೇಶಮುಷ್ಟಿಯುದ್ಧಮರ್ಮಜ್ಞನೂ ಬೇಸ್‌ಬಾಲೆಂಬ ದಂಡಕಂದುಕಶಾಸ್ತ್ರವಿಶಾರದನೂ ಕ್ರಿಕೆಟ್‌ಕುಲಕುಠಾರನೂ, ಯಾರೂ ಕೇಳದ ಅಭಿಪ್ರಾಯವನ್ನು ಎಲ್ಲರಿಗೂ ದಾನ ಮಾಡುವುದರಲ್ಲಿ ಎರಡನೆಯ ಕರ್ಣನೂ ಆದ ಹಾಲೇಶನೆಂಬ ವೀರನಿದ್ದನು. ಬಿ.ಕಾಂ. ಎರಡನೇ ವರ್ಷ. ಅಕೌಂಟೆನ್ಸಿಯಲ್ಲಿ ಫೇಲು.

ತಾಯಿ ವಾಗ್ದೇವಿ, ಬಂದು ನನ್ನ ನಾಲಗೆಯ ಮೇಲೆ ಕೂರು. ಕೂರಲು ಮನಸ್ಸಾಗದಿದ್ದರೆ ಬಾಗಿಲಲ್ಲಿ ನಿಂತಾದರೂ ಕೇಳಿಸಿಕೋ. ನಿನ್ನ ವೀಣೆಗೆ ತಕ್ಕ ಕಥೆ ಇದಲ್ಲವೆಂದು ನನಗೂ ಗೊತ್ತು. ಆದರೆ ಎಂಥೆಂಥ ಪುಂಡರಿಗೋ ಕಾವ್ಯ ಕಟ್ಟಿಸಿರುವ ನಿನಗೆ ಇವನೊಬ್ಬ ಭಾರವಾದನೇ?

ಈ ಮಹಾವೀರನು ಬಾಕ್ಸಿಂಗ್ ಗ್ಲೌಸನ್ನು ಕಣ್ಣಿಂದ ಕಂಡವನಲ್ಲ. ಬೇಸ್‌ಬಾಲ್ ಆಟ ನೋಡಿದವರನ್ನು ನೋಡಿದವರನ್ನೂ ಕಂಡವನಲ್ಲ. ಹಳೇ ಪೇಪರ್ ಅಂಗಡಿಯ ರಾಶಿಯೊಳಗೆ ತಲೆ ತೂರಿಸಿ, ಯಾವ ಪುಣ್ಯಾತ್ಮನೋ ಅಮೆರಿಕದಿಂದ ತಂದು ಎಸೆದ ಬಣ್ಣದ ಪತ್ರಿಕೆಗಳನ್ನು ಹೆಕ್ಕಿ ತಂದು ಓದಿದ್ದನು; ಅಷ್ಟೇ ಇವನ ಗುರುಕುಲವಾಸ. ಭಾನುವಾರದ ಕನ್ನಡ ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ 'ಪರದೇಶದ ಅಂಗಳ' ಎಂಬ ಅಂಗೈಯಗಲದ ಅಂಕಣವೊಂದು ಬರುತ್ತಿತ್ತು. ಅದು ಇವನಿಗೆ ವೇದ. ವಾರವಿಡೀ ಅದರ ಭಾಷ್ಯ. ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಮನೆಯಲ್ಲಂತೂ ಕೇಳುವುದೇ ಬೇಡ. ಇವನ ತಂದೆ, ಮಂಡಕ್ಕಿ ಭಟ್ಟಿಯ ಸಿದ್ಲಿಂಗಪ್ಪ, ಮಗ ಬಾಯಿ ತೆರೆದಾಗಲೆಲ್ಲ ಒಂದೇ ಮಾತು ಬಡಿಯುತ್ತಿದ್ದ: "ಮೊದ್ಲು ಮೀಸೆ ಬರ್ಲಿ ತಡಿ, ಆಮ್ಯಾಲೆ ಮಾತಾಡುವಂತೆ." ಹೀಗಾಗಿ ಹಾಲೇಶನು ಮೀಸೆಗಾಗಿ ತಪಸ್ಸು ಮಾಡಿದನು. ಹರಳೆಣ್ಣೆ ಹಚ್ಚಿದನು, ಕದ್ದು ಮುಚ್ಚಿ ಬ್ಲೇಡು ಆಡಿಸಿದನು, ಕನ್ನಡಿಯ ಮುಂದೆ ಮೇಲ್ತುಟಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಪರೀಕ್ಷಿಸಿದನು. ಕೊನೆಗೂ ಆ ಬಯಲಲ್ಲಿ ಗರಿಕೆ ಚಿಗುರಿತು. ಆಗಲೂ ತಂದೆ ಕೇಳಲಿಲ್ಲ, ನಿಜ. ಆದರೆ ಆ ಮಾತನ್ನು ಮತ್ತೆ ಆಡುವಂತಿರಲಿಲ್ಲವಲ್ಲ! ಹಾಲೇಶನ ಪಾಲಿಗೆ ಆ ಮೀಸೆಯೆಂದರೆ ಮಾತಾಡುವ ಹಕ್ಕು. ಅದೇ ಹೋದರೆ ಮತ್ತೆ ಬಾಯಿ ಮುಚ್ಚಿಕೊಂಡು ಮಂಡಕ್ಕಿ ಜರಡಿ ಹಿಡಿಯುವುದೇ ಗತಿ.

ಇಂಥ ಮೀಸೆಯನ್ನು ಈ ಬುದ್ಧಿವಂತ ಪಣಕ್ಕಿಟ್ಟನು.

ರಣರಂಗ ಅಂಜಿನಪ್ಪನ ಸಲೂನು. ಎದುರಾಳಿಯೋ, ಗರಡಿಮೃತ್ತಿಕಾಲಿಪ್ತಗಾತ್ರನೂ ಒಂದಾನೊಂದು ಕಾಲದ ಕುಸ್ತಿಕೇಸರಿಯೂ ಕಿವಿಯವರೆಗೆ ಸುರುಳಿ ಸುತ್ತಿದ ಮೀಸೆಯಿಂದ ಮಕ್ಕಳನ್ನು ಅಳಿಸಬಲ್ಲವನೂ ಆದ ಪೈಲ್ವಾನ್ ದುಗ್ಗಪ್ಪ. ಹಿಂದಿನ ಭಾನುವಾರ ಹಾಲೇಶನು ಅದೇ ಬೆಂಚಿನ ಮೇಲೆ ಎದ್ದು ನಿಂತು, ಬಾರ್ನಿ ಹಾಗರ್ಟ್ ಎಂಬ ಹೆವಿವೇಯ್ಟ್ ಮುದುಕನು ನಿವೃತ್ತಿ ಮುರಿದು, ಹೊಟ್ಟೆಯ ಮೇಲಿನ ಲಂಗರಿನ ಹಚ್ಚೆಯ ಸಮೇತ ಮತ್ತೆ ರಿಂಗಿಗೆ ಇಳಿಯಲಿರುವ ಸುದ್ದಿಯನ್ನು ಖಂಡಿಸಿ ಹೀಗೆ ಗರ್ಜಿಸಿದ್ದನು:

"ಎಲೈ ಪಾಮರರಿರಾ, ಕೇಳಿ! ಲಂಬೋದರನೂ ಶಿಥಿಲಜಾನುವೂ ಆದ ಆ ಜೀರ್ಣಮಲ್ಲನು ಯುವಸಿಂಹನಾದ ಲಿಯಾನ್ ಪ್ರೂಟನ ವಜ್ರಮುಷ್ಟಿಗೆ ಸಿಲುಕಿ ಛಿನ್ನದ್ರುಮದಂತೆ ಧರೆಗುರುಳದಿದ್ದರೆ, ಈ ಮುಖಮಂಡಲಕ್ಕೆ ಈ ಶ್ಮಶ್ರುವಿನ ಶೋಭೆಯೇ ಬೇಡ!"

ಇದು ನಮ್ಮ ಪಾಕ. ಅವನು ನಿಜವಾಗಿ ಅಂದದ್ದು ಇಷ್ಟು: "ಆ ಮುದ್ಯ ಅಂಗಾತ ಬೀಳ್ಲಿಲ್ಲ ಅಂದ್ರೆ ಮೀಸೆ ಬೋಳಿಸ್ಕಂತೀನಿ, ಹೋಗ್ರಿ!"

ಮುದುಕ ಎಂಬ ಮಾತು ದುಗ್ಗಪ್ಪನಿಗೆ ಚುರ್ ಎಂದಿತು. ಅವನಿಗೆ ಹಾಗರ್ಟನೂ ಗೊತ್ತಿಲ್ಲ, ಬಾಕ್ಸಿಂಗೂ ಬೇಕಿಲ್ಲ. ಆದರೂ ಎದೆ ತಟ್ಟಿಕೊಂಡನು. "ಲೇ ತಮ್ಮಾ, ಕೈಗೆ ಹಾಸಿಗಿ ಸುತ್ಕಂಡು ಗುದ್ದಾಡೋದು ಗಂಡಸ್ರ ಆಟ ಅಲ್ಲ, ಅದಿರ್ಲಿ. ಆದ್ರೆ ಮೈ ಪಳಗಿದ ಮುದುಕನ್ನ ನಿನ್ನಂಥ ಸಣಕಲರು ಬೀಳ್ಸೋದು ಕನಸಿನ ಮಾತು. ಅವನು ಬಿದ್ರೆ ನನ್ನ ಮೀಸೆ ತೆಗಿ. ಗೆದ್ರೆ ನಿಂದು. ಆಯ್ತಾ?"

"ಆಯ್ತು," ಎಂದನು ಹಾಲೇಶ. ಅಂದ ಮರುಕ್ಷಣವೇ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು.

ಹೀಗೆ ಬಂದಿತು ಆ ಘೋರ ಭಾನುವಾರ. ಸೂರ್ಯನು ಎಂದಿನಂತೆ ಹುಟ್ಟಿದನು, ಅವನಿಗೇನು, ಮೀಸೆಯಿಲ್ಲ. ಹಾಲೇಶನು ಸಲೂನಿಗೆ ಓಡಿ ಬರುವಷ್ಟರಲ್ಲಿ ಕ್ರೀಡಾಪುಟವಾಗಲೇ ದುಗ್ಗಪ್ಪನ ಕೈಸೇರಿತ್ತು.

ಅಂಜಿನಪ್ಪನ ಸಲೂನಿನ ಧರ್ಮವನ್ನು ಇಲ್ಲಿ ಹೇಳದಿದ್ದರೆ ಕಥೆ ಮುಂದೆ ಸಾಗದು. ಅಲ್ಲಿಗೆ ಬರುವ ಪತ್ರಿಕೆ ಒಂದೇ. ಕಾದು ಕೂತವರು ಅದನ್ನು ಹಾಳೆ ಹಾಳೆಯಾಗಿ ಬಿಡಿಸಿ ಹಂಚಿಕೊಳ್ಳುವರು. ಹಾಳೆ ಹಿಡಿದವನು ತನ್ನ ಪಾಳಿ ಬಂದು ಕುರ್ಚಿ ಹತ್ತುವ ತನಕ ಅದು ಅವನದೇ; ಕೇಳಿದವನು ಮಾನಗೇಡಿ, ಕಸಿದವನು ಪಾಪಿ. ಈ ಧರ್ಮವನ್ನು ಅಲ್ಲಿ ಯಾರೂ ಮೀರಿದ್ದಿಲ್ಲ.

ದುಗ್ಗಪ್ಪನು ಹಾಳೆಯನ್ನು, ಕೆಳಮೂಲೆಯತ್ತ ಕಣ್ಣು ಹಾಯಿಸದೆಯೇ, ಕ್ರಿಕೆಟ್ ಸುದ್ದಿ ಮೇಲೆ ಬರುವಂತೆ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟು, ಅದರ ಮೇಲೆ ಕೈ ಊರಿ ಕೂತಿದ್ದನು. ಮಡಿಕೆ ಬಿಚ್ಚಿರಲಿಲ್ಲ. ಎಷ್ಟೋ ಜಟ್ಟಿಗಳ ಬೆನ್ನು ಮಣ್ಣಿಗೆ ತಾಗಿಸಿದ ಆ ಕೈಗೆ ಒಂದು ಕಾಗದದ ಮಡಿಕೆ ಬಿಚ್ಚುವ ಧೈರ್ಯ ಬರಲಿಲ್ಲ. ಥೂ ಇವನ ಪೈಲ್ವಾನಿಕೆಗೆ!

"ದುಗ್ಗಪ್ಪಣ್ಣ, ನಿನ್ನ ಪಾಳಿ, ಬಾ," ಎಂದು ಅಂಜಿನಪ್ಪ ಕರೆದನು.

"ಆ ಯಜಮಾನ್ರುನ್ನ ಕೂರ್ಸು. ನಂದೇನು ಅವಸ್ರ ಇಲ್ಲ."

ಯಜಮಾನರು ಕೂತರು, ಎದ್ದರು. ಮತ್ತೆ ಕರೆ ಬಂತು. ಮತ್ತೆ ದುಗ್ಗಪ್ಪನು ಬೇರೊಬ್ಬರಿಗೆ ಪಾಳಿ ದಾನ ಮಾಡಿದನು. ಹಾಲೇಶನು ಸುಮ್ಮನಿರುತ್ತಾನೆಯೇ? ಅವನೂ ತನ್ನ ಪಾಳಿ ಬಿಟ್ಟುಕೊಟ್ಟನು, ಪೈಲ್ವಾನನು ಏಳುವುದನ್ನೇ ಕಾಯುತ್ತ. ಆಮೇಲೆ ಬಂದವರೆಲ್ಲ ನುಣ್ಣಗೆ ಬೋಳಿಸಿಕೊಂಡು, ಪೌಡರ್ ಮೆತ್ತಿಸಿಕೊಂಡು ಮನೆಗೆ ಹೋದರು. ಇವರಿಬ್ಬರು ಮಾತ್ರ ಗಡ್ಡ ಹೊತ್ತು ಎದುರುಬದುರು ಕೂತೇ ಇದ್ದರು. ಇಂಥ ತ್ಯಾಗವನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ.

ಸುಮ್ಮನೆ ಕೂರಲಾರದೆ ಹಾಲೇಶನು ಬೇಸ್‌ಬಾಲಿನ ಕಡೆ ಹೊರಳಿದನು. ಚೆಂಡೆಸೆಯುವ ಒಬ್ಬ ಆಟಗಾರ ಟೊಪ್ಪಿಗೆಯೊಳಗೆ ಅಂಟು ಬಚ್ಚಿಟ್ಟುಕೊಂಡು, ಚೆಂಡಿಗೆ ಹಚ್ಚಿ ಸಿಕ್ಕಿಬಿದ್ದಿದ್ದನಂತೆ. "ತಲಿಗೆ ಹಚ್ಚೋ ಕ್ರೀಮು ಅಂದ್ನಂತೆ, ಕಳ್ಳ ನನ್ಮಗ! ಅವ್ನಿಗೆ ಬರೀ ಹತ್ತು ಆಟ ಬಿಡಿಸ್ಯಾರೆ. ಜೀವಮಾನಪೂರ್ತಿ ಓಡಿಸ್ಬೇಕಿತ್ತು. ನಾನಾಗಿದ್ರೆ ಓಡಿಸ್ತಿದ್ದೆ."

"ನೀನಾಗಿದ್ರೆ!" ದುಗ್ಗಪ್ಪ ನಕ್ಕನು. "ಹೊಡೆದ್ಮೇಲೆ ಬ್ಯಾಟು ಬಿಸಾಕಿ ಓಡೋದಲ್ಲೇನಲೇ ಆ ಆಟ? ಅದು ಚಿನ್ನಿದಾಂಡು ಕಣಲೇ. ಚಿನ್ನಿದಾಂಡಿಗೆ ಇಷ್ಟು ದೊಡ್ಡ ಹೆಸರು ಬೇರೆ."

ತಮಾಷೆ ನೋಡಲೆಂದೇ ಬಂದು ಕೂತಿದ್ದ ಬೆಂಚಿಗೆ ಬೆಂಚೇ ನಕ್ಕಿತು. ಹಾಲೇಶನ ಕಿವಿ ಕೆಂಪಾಯಿತು. "ಚಿನ್ನಿದಾಂಡಲ್ಲ ಅದು! ಜೀವ ಹೋದ್ರೂ ನಾನು ಹಂಗೆ ಒಪ್ಪಂಗಿಲ್ಲ!" ಎಂದು ಕೂಗಿದನು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ತಾನು ಹೇಳುವುದನ್ನು ಪೂರ್ತಿ ಕೇಳಬಾರದೇ ಎಂದು ಅವನಿಗೆ ಅಳುವಷ್ಟು ಸಿಟ್ಟು ಬಂತು.

ಅಂಜಿನಪ್ಪನ ತಾಳ್ಮೆಯೂ ಅಲ್ಲಿಗೆ ಮುಗಿಯಿತು. "ಇದೇನ್ ಸಲೂನಾ, ಇಲ್ಲಾ ನಿಮ್ಮಪ್ಪನ ಕಟ್ಟೆನಾ? ಒಬ್ರು ಕುರ್ಚಿಗೆ ಬರ್ರಿ, ಇಲ್ಲಾ ಇಬ್ರೂ ಎದ್ದು ನಡೀರಿ!"

ಬೈಗುಳಕ್ಕೆ ಬಾಗಿದವನು ಹಾಲೇಶನೇ. ಕುರ್ಚಿ ಹತ್ತಿ, "ಗಡ್ಡ ತೆಗಿ. ಮೀಸೆ ಅಂಚು ಮಾತ್ರ ತೀಡು, ಹುಷಾರು," ಎಂದು ಕಟ್ಟಪ್ಪಣೆ ಮಾಡಿದನು. ಅಂಜಿನಪ್ಪನು ಕೊರಳಿಗೆ ಬಟ್ಟೆ ಕಟ್ಟಿ, ಕತ್ತಿಯ ನೊರೆ ಒರೆಸಲು ಹೆಗಲ ಮೇಲೆ ಎಂದಿನಂತೆ ಪೇಪರಿನ ತುಂಡೊಂದನ್ನು ಹಾಕಿ, ಕೆನ್ನೆಗೆ ಸೋಪು ಬಳಿದು, ಗರಗರನೆ ಕೆರೆಯತೊಡಗಿದನು.

ಎದುರಾಳಿ ಕುರ್ಚಿಗೆ ಬಿದ್ದದ್ದನ್ನು ಕಂಡು ದುಗ್ಗಪ್ಪನಿಗೆ ಧೈರ್ಯ ಮೂಡಿತು. ಕುಲದೇವತೆ ದುಗ್ಗಮ್ಮನನ್ನು ನೆನೆದು ಮಡಿಕೆ ಬಿಚ್ಚಿದನು. ನೋಡುತ್ತಾನೆ, ಕೆಳಮೂಲೆಯೇ ಇಲ್ಲ!

"ಅಂಜಿನಪ್ಪಾ! ಇಲ್ಲಿದ್ದ ಮೂಲೆ ಎಲ್ಲಿ?"

"ಅದಾ? ಬೆಳಿಗ್ಗೆ ಪೇಪರ್ ಬಂದ ಕೂಡ್ಲೇ ನಾನೇ ಹರ್ಕಂಡೆ," ಎಂದನು ಅಂಜಿನಪ್ಪ, ಕತ್ತಿ ನಿಲ್ಲಿಸದೆ. "ನಿನ್ನೆ ಪೇಪರ್‌ನ ನಮ್ಮಾಕಿ ಮನೇಲಿ ಗೂಡಿಗೆ ಹಾಸ್ಬಿಟ್ಟಾಳೆ. ಉಳಿದಿದ್ದ ಹಳೇ ಚೂರು ಸಾಲಂಗಿಲ್ಲ, ನೊರೆ ಒರೆಸಾಕೆ ಏನಾರ ಬೇಕಲ್ಲ. ದೇವರ ಫೋಟೋ ಇರೋದು ಹರಿಯಂಗಿಲ್ಲ, ಸಿನಿಮಾ ಹರಿದ್ರೆ ಹುಡುಗ್ರು ಬೈತಾರೆ, ಕ್ರಿಕೆಟ್ ಹರಿದ್ರೆ ಹೊಡೀತಾರೆ. ಅದೊಂದು ಯಾರೂ ಓದದ ಜಾಗ ಅಂತ ಹರಿದೆ."

ಯಾರೂ ಓದದ ಜಾಗ! ಹಾಲೇಶನ ವೇದಕ್ಕೆ ಆ ಊರು ಕೊಟ್ಟ ಬೆಲೆ ಅದು. ಬಾಯಿ ಬಿಟ್ಟು ಬೈಯೋಣವೆಂದರೆ ಕತ್ತಿ ಅದೇ ತಾನೇ ಮೇಲ್ತುಟಿಗೆ ಬಂದಿತ್ತು. ಅಸಹಾಯಕನಾಗಿ ಕನ್ನಡಿಯತ್ತ ಕಣ್ಣು ಹೊರಳಿಸಿದನು. ಅಲ್ಲಿ, ತನ್ನದೇ ಹೆಗಲ ಮೇಲೆ, ನೊರೆಯ ನಡುವೆ ಒಂದು ಫೋಟೋ ಕಂಡಿತು. ಕೈಕಾಲು ಚಾಚಿ ಅಂಗಾತ ಬಿದ್ದ ದಡಿಯ. ಗುಡ್ಡದಂಥ ಹೊಟ್ಟೆ. ಹೊಟ್ಟೆಯ ಮೇಲೆ ಲಂಗರು!

"ಬಿದ್ದಾ! ಬಿದ್ದಾ!" ಎಂದು ಆ ವಿಜಯೋನ್ಮತ್ತನು ಮುಷ್ಟಿಯೆತ್ತಿ ಚಂಗನೆ ಎದ್ದೇಬಿಟ್ಟನು.

ಹೌದು, ಬಿತ್ತು. ಬಲಗಡೆಯ ಮೀಸೆ ಬಿತ್ತು. ಜೊತೆಗೆ ಹೆಗಲ ಮೇಲಿನ ಪೇಪರೂ ಜಾರಿ ಬಿಸಿನೀರಿನ ಮಗ್ಗಿನೊಳಗೆ ಬಿತ್ತು. ದುಗ್ಗಪ್ಪನು ಎರಡು ಬೆರಳಲ್ಲಿ ಎತ್ತಿ ನೋಡಿದರೆ ಕೂದಲು, ಸೋಪು, ಮುದ್ದೆ.

"ಇದ್ರಾಗೇನು ಕಾಣ್ತತಿ? ನಿನ್ನ ಮೀಸೆ ಬಿಟ್ರೆ ಬ್ಯಾರೆ ಏನೂ ಬಿದ್ದಂಗಿಲ್ಲ."

"ದೇವ್ರಾಣೆಗೂ ನಾನು ನೋಡ್ದೆ ಮಾಮಾ, ಮುದ್ಯ ಬಿದ್ದಿದ್ದ!"

ಅರ್ಧ ಮೀಸೆಯವನ ಆಣೆಯನ್ನು ಯಾರು ನಂಬುತ್ತಾರೆ? ಉಳಿದ ಅರ್ಧವನ್ನೂ ತೆಗೆಸದೆ ಬೀದಿಗಿಳಿಯುವಂತಿರಲಿಲ್ಲ. ಹಾಲೇಶನು ಕಣ್ಣು ಮುಚ್ಚಿದನು. ಅಂಜಿನಪ್ಪನು ಒಂದೇ ಎಳೆತಕ್ಕೆ ತೆಗೆದನು. ಬೆಂಚಿನ ಮೇಲಿದ್ದವನೊಬ್ಬ ಆಗಲೇ ಬೀದಿ ದಾಟಿ ಎದುರಿನ ದೋಸೆ ಹೋಟೆಲಿನಲ್ಲಿ, ಹಾಲೇಶ ಪಣ ಸೋತು ಮೀಸೆ ಕೊಟ್ಟನೆಂಬ ಸುದ್ದಿ ಬಿತ್ತಿಯಾಗಿತ್ತು.

ಬೇರೆ ಕಡೆ ಅದೇ ಪತ್ರಿಕೆ ಸಿಗುತ್ತಿರಲಿಲ್ಲವೇ ಎಂದು ಕೇಳುವ ಜಾಣರೇ, ಸಿಗುತ್ತಿತ್ತು. ಆ ಹೋಟೆಲಿನಲ್ಲೇ ಇತ್ತು. ಹಾಲೇಶನು ಬಾಯಿಗೆ ಕರವಸ್ತ್ರ ಹಿಡಿದು ಅಲ್ಲಿಗೆ ನುಗ್ಗಿ, ಬಾಗಿಲ ಪಕ್ಕದ ಮೇಜಿನ ಮೇಲಿದ್ದ ಕ್ರೀಡಾಪುಟವನ್ನು ಬಾಚಿ, ಮೂಲೆ ನೋಡಿದನು. ಇಡೀ ಮೂಲೆ, ಒಣಮೂಲೆ. 'ಹಾಗರ್ಟ್ ನೆಲಕ್ಕೆ; ಪ್ರೂಟ್‌ಗೆ ಜಯ.' ಗೆದ್ದಿದ್ದನು! ಪೈಲ್ವಾನನ ಸುರುಳಿ ಮೀಸೆ ಈಗ ತನ್ನದು. ಎಳೆದೊಯ್ದು ಕುರ್ಚಿಗೆ ಕೂರಿಸಬೇಕು, ಬೀದಿಯವರೆಲ್ಲ ನೋಡಬೇಕು, ತನ್ನ ಮಾತು ಖರೆಯೆಂದು ಒಬ್ಬೊಬ್ಬರೂ ಒಪ್ಪಬೇಕು. ಹಾಳೆ ಹಿಡಿದು ತಿರುಗಿದನು.

ಹಿಂದಿನ ಮೇಜಿನಲ್ಲಿ ಅವನ ತಂದೆ ಸಿದ್ಲಿಂಗಪ್ಪ ನಾಲ್ಕು ಜನರ ನಡುವೆ ಕೂತಿದ್ದನು. ಮಗನ ಬೋಳು ತುಟಿಯನ್ನು ಬಹಳ ಹೊತ್ತು ನೋಡಿದನು.

"ಇವ್ನೇ ನೋಡ್ರಪ, ನನ್ನ ಮಗ," ಎಂದನು ಪಕ್ಕದವರಿಗೆ, ದನಿ ಎತ್ತರಿಸಿ. "ಸೋತ, ಅದಿರ್ಲಿ. ಆದ್ರೆ ಆಡಿದ ಮಾತಿಗೆ ತಪ್ಪಲಿಲ್ಲ. ಈಗಿನ ಹುಡುಗ್ರಾಗೆ ಯಾರಿಗೈತೆ ಇಂಥ ಗುಣ? ಬಾರಪ್ಪ, ಕೂತ್ಕ. ಲೇ, ಇಲ್ಲೊಂದು ಬೆಣ್ಣೆದೋಸೆ ತಗಂಬಾ!"

ಹಾಲೇಶನು ಹುಟ್ಟಿದಾಗಿನಿಂದ ತಂದೆಯ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ನಿಜ ಹೇಳಿದರೆ ಗೆದ್ದ ಕೀರ್ತಿ ತನ್ನದು. ಆದರೆ ಮಾತಿಗಾಗಿ ಮೀಸೆ ಕೊಟ್ಟ ವೀರನು ಹೋಗಿ, ಕ್ಷೌರದ ಕುರ್ಚಿಯಲ್ಲಿ ಕುಣಿದು ಮೀಸೆ ಕಳೆದುಕೊಂಡ ಪೆದ್ದನು ಉಳಿಯುತ್ತಾನೆ. ಹಾಲೇಶನು ಕೂತನು. ಹಾಳೆಯನ್ನು ಮಡಚಿ, ಮಡಚಿ, ಚಿಕ್ಕದು ಮಾಡಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಒತ್ತಿದನು.

ದೋಸೆ ಬಂತು. ತಂದೆ ಕಾಫಿ ಹೀರುತ್ತ ಕೇಳಿದನು: "ಅದೇನೋ ಬೇಸ್‌ಬಾಲು ಬೇಸ್‌ಬಾಲು ಅಂತಿರ್ತೀಯಲ್ಲ. ಏನದು? ಹೇಳು, ಕೇಳೋಣ."

ಯಾವ ಗಳಿಗೆಗಾಗಿ ತಪಸ್ಸು ಮಾಡಿದ್ದನೋ ಆ ಗಳಿಗೆ. ದಂಡಕಂದುಕಶಾಸ್ತ್ರವಿಶಾರದನು ದೋಸೆಯ ತುತ್ತನ್ನು ದವಡೆಗೆ ಸರಿಸಿ, ಒಬ್ಬ ಎಸೆಯುವುದನ್ನೂ ಒಬ್ಬ ಹೊಡೆಯುವುದನ್ನೂ, ಹೊಡೆದವನು ಬ್ಯಾಟು ಬಿಸುಟು ಮೂಲೆಯಿಂದ ಮೂಲೆಗೆ ಓಡುವುದನ್ನೂ ಕೈಬೀಸಿ ವಿವರಿಸಿದನು. ಸಿದ್ಲಿಂಗಪ್ಪನು ಪೂರ್ತಿ ಕೇಳಿದನು. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ಅಂದ್ರೆ ಚಿನ್ನಿದಾಂಡು," ಎಂದನು ಕೊನೆಗೆ.

ಹಾಲೇಶನು ತಂದೆಯ ಮುಖ ನೋಡಿದನು. ತಟ್ಟೆಯ ಮೇಲೆ ಕರಗುತ್ತಿದ್ದ ಬೆಣ್ಣೆಯನ್ನು ನೋಡಿದನು.

"ಹ್ಞೂಂನಪ್ಪ," ಎಂದನು. "ಚಿನ್ನಿದಾಂಡೇ."